ಪದಚರ್ಚೆ: 'ಬಲಿಮೌ' ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಗ್ಗೆ ಒಂದು ಬರಹ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಬಲಿಮೌ. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬೌ ಜನ, ಪಕ್ಕದ ರಿಯಾವು ಸೀಮೆಯ ಮಲಯರು ರಂಜಾನ್ ಉಪವಾಸ ಹಿಡಿಯುವ ಮುಂಚೆ ಹೊಳೆಗೆ ಹೋಗಿ ಮೀಯುವ ಪದ್ಧತಿ ಇದು. ಕಂಪಾರ್ ಹೊಳೆಯ ದಂಡೆಯಲ್ಲಿ ಅವತ್ತು ಜಾತ್ರೆಯೇ.

'ಲಿಮೌ' ಅಂದರೆ ನಿಂಬೆ ಜಾತಿಯ ಹಣ್ಣು. ಪದದ ಮೊದಲಿಗೆ 'ಬ' ಸೇರಿಸಿದರೆ ಅದು ಕ್ರಿಯಾಪದವಾಗುತ್ತದೆ. 'ಜಾಲನ್' ಅಂದರೆ ದಾರಿ, 'ಬಜಾಲನ್' ಅಂದರೆ ನಡೆಯುವುದು. ಹಾಗೆಯೇ ಬಲಿಮೌ. ಮೀಯುವ ಮಾತೇ ಪದದೊಳಗಿಲ್ಲ, ಬರೀ ನಿಂಬೆ ಇದೆ!

ಮೊದಲ ಕರಡಿನಲ್ಲಿ 'ಬಲಿಮಾವು' ಅಂತ ಬರೆದಿದ್ದೆ. ಓದಿದ ಗೆಳತಿ, "ಇದು ಬಲಿಪಾಡ್ಯಮಿಗೆ ಸಂಬಂಧಿಸಿದ್ದಾ? ಮಾವಿನಕಾಯಿ ಯಾಕೆ?" ಅಂತ ಕೇಳಿದಳು. ತಪ್ಪು ಅವಳದಲ್ಲ. ನಮ್ಮಲ್ಲೂ ಬಲಿಪಾಡ್ಯಮಿಯ ಹಿಂದೆಯೇ ಎಣ್ಣೆಸ್ನಾನ ಇದೆಯಲ್ಲ.

'ಶುದ್ಧಿಸ್ನಾನ' ಅನ್ನಲು ಮನಸ್ಸಿಲ್ಲ. ಅದು ಧರ್ಮದ ಕಟ್ಟಳೆಯ ಹಾಗೆ ಕೇಳಿಸುತ್ತದೆ. ಬಲಿಮೌ ಊರಿನ ವಾಡಿಕೆ, ಅವರ ಮಾತಿನಲ್ಲಿ 'ಆದತ್'. ಗಂಡಸರು ಹೆಂಗಸರು ಒಟ್ಟಿಗೆ ಹೊಳೆಗಿಳಿಯುತ್ತಾರೆ ಅಂತ ಅಲ್ಲಿನ ಧರ್ಮಗುರುಗಳಲ್ಲೇ ಕೆಲವರು ಗದರುವುದೂ ಉಂಟು. 'ಅಭ್ಯಂಜನ' ಅಂದರೆ ಎಣ್ಣೆ ಬಂದುಬಿಡುತ್ತದೆ. ಇಲ್ಲಿ ನಿಂಬೆಹೋಳುಗಳನ್ನು ಘಮಘಮಿಸುವ ಎಲೆಗಳ ಜೊತೆ ನೀರಿಗೆ ಹಾಕಿ, ಆ ಹುಳಿನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಜಿಡ್ಡು ಬಿಡಿಸುವುದಕ್ಕೆ ನಮಗೆ ಸೀಗೆಕಾಯಿ ಇದ್ದ ಹಾಗೆ ಅವರಿಗೆ ಇದು.

ನಮ್ಮ 'ಎಣ್ಣೆನೀರು' ನೋಡಿ 'ನಿಂಬೆನೀರು' ಅನ್ನೋಣ ಅಂದುಕೊಂಡೆ. ಆಮೇಲೆ ನಗು ಬಂತು. ಓದುಗರು ಸಕ್ಕರೆ ಹಾಕಿ ಕುಡಿದಾರು! ಸದ್ಯಕ್ಕೆ 'ನಿಂಬೆಜಳಕ' ಅಂತ ಇಟ್ಟುಕೊಂಡಿದ್ದೇನೆ. ಆದರೆ ಅವರು ಬಳಸುವ ಹಣ್ಣುಗಳಲ್ಲಿ ಸಿಪ್ಪೆ ಗಂಟುಗಂಟಾಗಿರುವ 'ಲಿಮೌ ಪುರುತ್' ಕೂಡ ಒಂದು. ಅದನ್ನು ನಿಂಬೆ ಅನ್ನುವುದು ಸರಿಯಾ? ಕಂಚಿ, ಹೇರಳೆ, ಮಾದಲ, ನಿಂಬೆ ಎಲ್ಲಕ್ಕೂ ಸೇರಿ ನಿಮ್ಮ ಕಡೆ ಒಂದೇ ಹೆಸರು ಇದ್ದರೆ ತಿಳಿಸಿ.

ಇನ್ನೊಂದು. ರಿಯಾವಿನಲ್ಲಿ 'ಬಲಿಮೌ ಕಸಾಯ್' ಅನ್ನುತ್ತಾರೆ. ಕಸಾಯ್ ಅಂದರೆ ಅಕ್ಕಿ, ಅರಿಶಿನ ಎಲ್ಲ ಅರೆದು ಮೈಗೆ ತಿಕ್ಕುವ ಹಿಟ್ಟು. ಸಂಸ್ಕೃತದ 'ಕಷಾಯ'ಕ್ಕೆ ಮೈಗೆ ಬಳಿಯುವ ಸುಗಂಧ ಅನ್ನುವ ಅರ್ಥವೂ ಇದೆ. 'ಉಪವಾಸ' ಮಲಯಕ್ಕೆ ಹೋಗಿ 'ಪುಆಸ' ಆಗಿದೆ, ರಂಜಾನ್ ಉಪವಾಸಕ್ಕೂ ಅದೇ ಮಾತು. ಹಾಗಿದ್ದರೆ ಕಷಾಯವೂ ಅದೇ ಹಡಗು ಹತ್ತಿರಬಹುದಾ? ನಿಘಂಟು ಕೈಯಲ್ಲಿರುವವರು ಸ್ವಲ್ಪ ನೋಡಿ ಹೇಳುತ್ತೀರಾ?