ಅಪ್ಪನ ಅಂಗಾಲಿನ ಹುಣ್ಣು 11 ತಿಂಗಳಾದ್ರೂ ಮಾಗ್ತಿಲ್ಲ, ಲೇಸರ್ ಹಾಕಿಸ್ಲಾ?

ಮಂಜು_ತಿಪಟೂರು:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 63, ಶುಗರ್ ಬಂದು 14 ವರ್ಷ ಆಯ್ತು. ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳಿನ ಬುಡಕ್ಕೆ, ಎಂಟಾಣೆ ಅಗಲದ ಹುಣ್ಣಾಗಿದೆ, 11 ತಿಂಗಳಿಂದ ಡ್ರೆಸ್ಸಿಂಗ್ ಮಾಡಿಸ್ತಾನೇ ಇದೀವಿ, ಇನ್ನೇನು ಮುಚ್ಕೊಳ್ತು ಅನ್ನೋ ಹೊತ್ತಿಗೆ ಮತ್ತೆ ಬಾಯಿ ಬಿಡುತ್ತೆ. ಅಪ್ಪ ನೋವೇ ಇಲ್ಲ ಅಂತಾರೆ, ನಂಗೆ ಅದೇ ಭಯ. ಈಗ ಒಂದು ಕ್ಲಿನಿಕ್‌ನವರು ಲೋ ಲೆವೆಲ್ ಲೇಸರ್ ಅಂತ ಇದೆ, ಕುಯ್ಯಲ್ಲ ಸುಡಲ್ಲ ಬರೀ ಕೆಂಪು ಬೆಳಕು ಬಿಡೋದು, 20 ಸಿಟ್ಟಿಂಗ್ ಆದ್ರೆ ಗ್ಯಾರಂಟಿ ಮಾಗುತ್ತೆ ಅಂದ್ರು. ಒಂದಕ್ಕೆ 800, ಒಟ್ಟು 16,000 ರೂಪಾಯಿ. ಕೊಬ್ಬರಿ ಮಾರಿದ ದುಡ್ಡಿದೆ, ಕೊಡಕ್ಕೆ ಹಿಂದೆಮುಂದೆ ನೋಡಲ್ಲ, ಕಾಲು ಉಳಿದ್ರೆ ಸಾಕು. ಯಾರಾದ್ರೂ ಮಾಡ್ಸಿದೀರಾ?

ಫಿಸಿಯೋ_ಧಾರವಾಡ:
ಕೆಲಸ ಮಾಡ್ತೇತ್ರಿ, ನಾ 6 ವರ್ಷದಿಂದ ಹಾಕ್ಲಿಕತ್ತೀನಿ. ಇದು ನಿನ್ನೆ ಮೊನ್ನೆ ಬಂದದ್ದಲ್ಲ. 1967ರಾಗ ಬುಡಾಪೆಸ್ಟ್‌ನಾಗ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರು ಲೇಸರ್‌ನಿಂದ ಕ್ಯಾನ್ಸರ್ ಬರ್ತೈತೇನು ಅಂತ ನೋಡ್ಲಿಕ್ಕೆ ಇಲಿ ಮೈ ಕೂದ್ಲಾ ಬೋಳಿಸಿ ಬೆಳಕು ಬಿಟ್ರು. ಕ್ಯಾನ್ಸರ್ ಬರ್ಲಿಲ್ಲ, ಬೆಳಕು ಬಿದ್ದ ಇಲಿಗೋಳ ಕೂದ್ಲಾ ಉಳಿದವಕ್ಕಿಂತ ಲಗೂನ ಬೆಳದ್ವು. ಆಮ್ಯಾಲೆ ಗಾಯದ ಮ್ಯಾಲೆ ನೋಡಿದ್ರು, ಮಾಗಲಾರದ ಹುಣ್ಣಿನ ಪೇಷಂಟ್‌ಗಳಿಗೂ ಹಾಕಿದ್ರು. ನಮ್ಮ ಜೀವಕೋಶದಾಗಿನ ಮೈಟೋಕಾಂಡ್ರಿಯಾದಾಗ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅಂತ ಒಂದು ಕಿಣ್ವ ಐತಿ, ಕೆಂಪು ಬೆಳಕನ್ನ ಅದು ಹೀರ್ಕೊಂಡು ಕೋಶಕ್ಕ ಶಕ್ತಿ ಜಾಸ್ತಿ ಸಿಗ್ತದ ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ. ಬಿಸಿ ಆಗೂದಿಲ್ಲ, ನೋವಿಲ್ಲ. ಹಾಕಸ್ರಿ.

ಸರ್ಜರಿ_ಪಿಜಿ:
ಸರ್, ಬೆಳಕಿಗೆ ಜೀವಕೋಶ ಸ್ಪಂದಿಸುತ್ತೆ ಅನ್ನೋದಕ್ಕೆ ನನ್ನ ತಕರಾರಿಲ್ಲ, ಆ ಕ್ಲಿನಿಕ್‌ನವರು ಗ್ಯಾರಂಟಿ ಅಂದ್ರಲ್ಲ ಅದಕ್ಕೆ ತಕರಾರು. ಶುಗರ್ ಇರೋರ ಪಾದದ ಹುಣ್ಣಿಗೆ ಬೆಳಕಿನ ಚಿಕಿತ್ಸೆ ಬಗ್ಗೆ 2017ರಲ್ಲಿ ಕಾಕ್ರೇನ್‌ನವರು, ಅಂದ್ರೆ ಚಿಕಿತ್ಸೆಗಳ ಸಾಕ್ಷ್ಯ ತೂಗಿ ನೋಡೋ ಅಂತಾರಾಷ್ಟ್ರೀಯ ಸಂಸ್ಥೆಯವರು, ಇದ್ದಬದ್ದ ಟ್ರಯಲ್ ಎಲ್ಲಾ ಒಟ್ಟಿಗೆ ಹಾಕಿ ನೋಡಿದ್ರು. ಸಿಕ್ಕಿದ್ದು 8 ಟ್ರಯಲ್, ಎಲ್ಲಾ ಸೇರಿ 316 ಜನ. ಉಪಯೋಗ ಆಗಬಹುದು ಅಂತ ಕಾಣುತ್ತೆ, ಆದ್ರೆ ಸಾಕ್ಷ್ಯದ ಗುಣಮಟ್ಟ ಕಡಿಮೆ, ದೊಡ್ಡ ಟ್ರಯಲ್ ಬೇಕು ಅಂತ ಮುಗಿಸಿದಾರೆ. ಅಷ್ಟರ ಮೇಲೆ ಬಡಪಾಯಿ ರೈತನ ಹತ್ರ 16,000 ತಗೊಂಡು ಗ್ಯಾರಂಟಿ ಅನ್ನೋದು ಸರಿಯಲ್ಲ. ಮಂಜು ಅವ್ರೆ, ಆ ಕ್ಲಿನಿಕ್‌ನಲ್ಲಿ ಕಾಲಿನ ರಕ್ತ ಓಡಾಟ ನೋಡಿದ್ರಾ? ಎಕ್ಸ್‌ರೇ ತೆಗೆದ್ರಾ?

ಮಂಜು_ತಿಪಟೂರು:
ಇಲ್ಲ ಸರ್. ಬ್ಯಾಂಡೇಜ್ ಬಿಚ್ಚಿ ನೋಡಿ ಪ್ಯಾಕೇಜ್ ಹೇಳಿದ್ರು ಅಷ್ಟೇ.

ರಾಜಿ_ಮೈಸೂರು:
ನಮ್ಮಮ್ಮಂಗೆ ಲೇಸರ್ ಹಾಕ್ಸಿದೀವಿ, ವಾಸಿನೂ ಆಗಿದೆ, ಅದಕ್ಕೇ ಬರೀತಿದೀನಿ. ಅಮ್ಮ ಟೀಚರ್ ಆಗಿದ್ರು, 30 ವರ್ಷ ನಿಂತೇ ಪಾಠ ಮಾಡಿ ವೆರಿಕೋಸ್ ವೇನ್ಸ್ ಆಗಿ ಕಣಕಾಲಿನ ಒಳಗಡೆ ಹುಣ್ಣಾಗಿತ್ತು, 2 ವರ್ಷ ಒದ್ದಾಡಿದ್ರು. ವಾರಕ್ಕೆ 3 ಸಲ ಲೇಸರ್, ಜೊತೆಗೆ ಬಿಗಿಯಾಗಿ ಕಟ್ಟೋ ಬ್ಯಾಂಡೇಜು, ಮೂರೂವರೆ ತಿಂಗಳಿಗೆ ಮುಚ್ಕೊಳ್ತು. ಪುಸ್ತಕದಲ್ಲಿ ಏನೇ ಇರಲಿ, ನಾನು ಕಣ್ಣಾರೆ ನೋಡಿದೀನಿ.

ಸರ್ಜರಿ_ಪಿಜಿ:
ಮೇಡಂ, ಅಮ್ಮ ಹುಷಾರಾಗಿದ್ದು ಖುಷಿ. ಆದ್ರೆ ಕಣಕಾಲಿನ ವೇನ್ಸ್ ಹುಣ್ಣಿಗೆ ಆ ಬಿಗಿ ಬ್ಯಾಂಡೇಜೇ ಮುಖ್ಯ ಔಷಧಿ, ಮೇಲೇರದೆ ನಿಂತ ರಕ್ತವನ್ನ ಅದು ಒತ್ತಿ ಮೇಲಕ್ಕೆ ಕಳ್ಸುತ್ತೆ. ಎರಡೂ ಒಟ್ಟಿಗೆ ಮಾಡಿದಾಗ ವಾಸಿ ಮಾಡಿದ್ದು ಯಾವುದು ಅಂತ ಹೇಗೆ ಹೇಳ್ತೀರಿ?

ರಾಜಿ_ಮೈಸೂರು:
ಬ್ಯಾಂಡೇಜ್ ಮುಂಚೆನೂ ಇತ್ತು ಡಾಕ್ಟ್ರೇ, ಅದರಿಂದ ಆಗಿರ್ಲಿಲ್ಲ. ಆದ್ರೆ ಒಂದು ಮಾತು ಇದ್ದದ್ದು ಇದ್ದಂಗೆ ಹೇಳ್ಬೇಕು. ಮುಂಚೆ ಅಮ್ಮ ಸೆಕೆ ಅಂತ ಮಧ್ಯಾಹ್ನಕ್ಕೇ ಬಿಚ್ಚಾಕ್ತಿದ್ರು, ನಾನು ಆಫೀಸಲ್ಲಿ ಇರ್ತಿದ್ದೆ. ಲೇಸರ್‌ಗೆ ಹೋಗಕ್ಕೆ ಶುರು ಮಾಡಿದ್ಮೇಲೆ ಅಲ್ಲಿನ ಹುಡುಗಿ ದಿನ ಬಿಟ್ಟು ದಿನ ತಾನೇ ಹೊಸದಾಗಿ ಕಟ್ಟಿ ಕಳಿಸ್ತಿದ್ಲು, ಅಮ್ಮ ಅವಳಿಗೆ ಹೆದರಿ ಬಿಚ್ತಿರ್ಲಿಲ್ಲ. ಹಂಗಾಗಿ ನಂಗೂ ಈಗ ಖಡಾಖಂಡಿತವಾಗಿ ಹೇಳಕ್ಕಾಗ್ತಿಲ್ಲ.

ಫಿಸಿಯೋ_ಧಾರವಾಡ:
ಅದೂ ಚಿಕಿತ್ಸೆನ ಅಲ್ಲೇನ್ರಿ? ವಾರಕ್ಕ ಮೂರು ಸಲ ಒಬ್ರು ಗಾಯ ನೋಡ್ತಾರ, ಕೀವು ಬಂದ್ರ ಅವತ್ತ ಗೊತ್ತಾಗ್ತದ. ಮತ್ತ ಪಿಜಿ ಸರ್, ಕ್ಯಾನ್ಸರ್ ಚಿಕಿತ್ಸೆ ತಗೊಳ್ಳೋರ ಬಾಯಿಹುಣ್ಣು ತಡೀಲಿಕ್ಕೆ ಇದ ಬೆಳಕನ್ನ ಅಂತಾರಾಷ್ಟ್ರೀಯ ಗೈಡ್‌ಲೈನ್‌ನಾಗ ಶಿಫಾರಸು ಮಾಡ್ಯಾರ. ಅಂದಮ್ಯಾಲೆ ಬರೇ ಬಣ್ಣದ ಲೈಟ್ ಅಂತ ತಳ್ಳಿಹಾಕಬ್ಯಾಡ್ರಿ.

ಸರ್ಜರಿ_ಪಿಜಿ:
ತಳ್ಳಿಹಾಕ್ತಿಲ್ಲ ಸರ್, ಬಾಯಿಹುಣ್ಣಿನ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದ್ರೆ ಬಾಯಿಯ ಮೇಲೆ 70 ಕೆಜಿ ಮನುಷ್ಯ ನಿಂತ್ಕೊಳ್ಳಲ್ಲ. ಇನ್ನೊಂದು, ಡೋಸ್. ನೀವು ಎಷ್ಟು ಜೂಲ್, ಅಂದ್ರೆ ಎಷ್ಟು ಬೆಳಕಿನ ಶಕ್ತಿ, ಕೊಡ್ತೀರಿ?

ಫಿಸಿಯೋ_ಧಾರವಾಡ:
ಚದರ ಸೆಂಟಿಮೀಟರ್‌ಗೆ 4 ಜೂಲ್. 100 ಮಿಲಿವ್ಯಾಟ್ ಪ್ರೋಬ್ ಇದ್ರ ಒಂದೊಂದು ಚದರ ಸೆಂಟಿಮೀಟರ್‌ಗೂ 40 ಸೆಕೆಂಡ್ ಹಿಡೀಬೇಕು, ಅಷ್ಟ ಲೆಕ್ಕ. ಜಾಸ್ತಿ ಕೊಟ್ರ ಜಾಸ್ತಿ ಗುಣ ಅಂತ ತಿಳ್ಕೋಬಾರ್ದು, ಹದ ಮೀರಿದ್ರ ಉಲ್ಟಾ ಗಾಯ ಮಾಗೋದ ನಿಧಾನ ಆಗ್ತದ. ಈ ಮಾತಿಗೆ ನಾನೂ ನಿಮ್ಮ ಕಡೆನ. ಎಷ್ಟ ಜೂಲ್, ಯಾವ ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಅಂತ ಕೇಳಿದ್ರ ಹೇಳ್ಲಿಕ್ಕೆ ಬರಲಾರದ ಕಡೆ ಕಾಲು ಕೊಡಬ್ಯಾಡ್ರಿ ಮಂಜು. ಪೇಷಂಟ್‌ಗೂ ಹಾಕೋರಿಗೂ ಕಣ್ಣಿಗೆ ಗಾಗಲ್ ಬೇಕ ಬೇಕು. ಮತ್ತ ವರ್ಷಗಟ್ಟಲೆ ಇರೋ ಹುಣ್ಣಿನ ಅಂಚು ಗಂಟುಗಂಟಾಗಿ ಎದ್ದಿದ್ರ ಮೊದಲ ಬಯಾಪ್ಸಿ, ಕ್ಯಾನ್ಸರ್ ಇರೋ ಕಡೆ ಲೇಸರ್ ಹಾಕಂಗಿಲ್ಲ.

ಲತಾ_ಸಿಸ್ಟರ್_ಮಂಗಳೂರು:
ನಾನು 19 ವರ್ಷದಿಂದ ಡ್ರೆಸ್ಸಿಂಗ್ ಮಾಡುವವಳು, ನನ್ನ ಪ್ರಶ್ನೆ ಬೇರೆ ಉಂಟು. ಮಂಜು, ಹುಣ್ಣಿನ ಸುತ್ತ ಬಳೆ ಇಟ್ಟ ಹಾಗೆ ಬೆಳ್ಳಗೆ ದಪ್ಪ ಚರ್ಮ ಉಂಟಾ, ಆಣಿ ಥರ? ಅಪ್ಪ ನಡೀತಾರಾ? ಯಾವ ಚಪ್ಪಲಿ?

ಮಂಜು_ತಿಪಟೂರು:
ಹೌದು ಸಿಸ್ಟರ್, ಹಂಗೇ ಇದೆ, ಉಗುರಲ್ಲಿ ಒತ್ತಿದ್ರೆ ಗಟ್ಟಿ. ಬೆಳಗ್ಗೆ ಸಂಜೆ ತೋಟಕ್ಕೆ ಹೋಗೇ ಹೋಗ್ತಾರೆ, ಬೇಡ ಅಂದ್ರೆ ಕೇಳಲ್ಲ, ನೋವಿಲ್ವಲ್ಲೋ ಅಂತಾರೆ. ಹಳೇ ಹವಾಯಿ ಚಪ್ಪಲಿ.

ಲತಾ_ಸಿಸ್ಟರ್_ಮಂಗಳೂರು:
ಅಲ್ಲೇ ಇರುವುದು ವಿಷಯ. ಆ ಬಿಳಿ ಬಳೆ ಬಂದಿದೆ ಅಂದ್ರೆ ಆ ಜಾಗಕ್ಕೆ ದಿನಾ ಭಾರ ಬೀಳ್ತಾ ಉಂಟು ಅಂತ ಅರ್ಥ. ನಮಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದ್ರೆ ಎರಡು ಹೆಜ್ಜೆಗೆ ಕಾಲು ಎತ್ತುತ್ತೇವೆ, ನಿಮ್ಮಪ್ಪನಿಗೆ ನರ ಜೋಮು ಹಿಡಿದಿದೆ, ಅವರು ಹುಣ್ಣಿನ ಮೇಲೇ ತೋಟ ಸುತ್ತಿ ಬರ್ತಾರೆ. ನೀವು ಲೇಸರ್ ಹಾಕಿಸಿ ಕರ್ಕೊಂಡು ಬಂದದ್ದನ್ನು ಅವರು ಸಂಜೆ ಮೆಟ್ಟಿ ಹಾಕ್ತಾರೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅಂತ ಸರ್ಜನ್ ಇದ್ದರು, ಕುಷ್ಠರೋಗಿಗಳ ಪಾದದ ಹುಣ್ಣು ಅವರ ಮಾಂಸ ಕೆಟ್ಟದ್ದಕ್ಕೆ ಆಗುವುದಲ್ಲ, ನೋವು ಗೊತ್ತಾಗದೆ ನಡೆಯುವುದಕ್ಕೆ ಆಗುವುದು ಅಂತ ತೋರಿಸಿಕೊಟ್ಟವರು. ಕಾಲಿಗೆ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದ್ರೆ ಅದೇ ಹುಣ್ಣು ಮುಚ್ಚುತ್ತಿತ್ತು. 1960ರ ದಶಕದಲ್ಲಿ ಅವರು ಅಮೆರಿಕಕ್ಕೆ ಹೋದ ಮೇಲೆ ಅಲ್ಲಿಯ ಶುಗರ್ ಪೇಷಂಟ್‌ಗಳಿಗೂ ಅದೇ ಪ್ಲಾಸ್ಟರ್ ಬಂತು. ಈಗಲೂ ಇಂಥಾ ಹುಣ್ಣಿಗೆ ಗೈಡ್‌ಲೈನ್‌ನಲ್ಲಿ ಮೊದಲು ಹೇಳುವುದು ಮೊಣಕಾಲಿನವರೆಗೆ ಬರುವ, ಪೇಷಂಟ್ ತಾನಾಗಿ ಬಿಚ್ಚಲಿಕ್ಕೆ ಆಗದ ಕ್ಯಾಸ್ಟ್ ಅಥವಾ ಬೂಟು.

ಸರ್ಜರಿ_ಪಿಜಿ:
ಸಿಸ್ಟರ್ ಹೇಳಿದ್ದೇ ಮೊದಲು ಆಗ್ಬೇಕು. ಒಂದೇ ಸೇರಿಸ್ತೀನಿ, ಕ್ಯಾಸ್ಟ್ ಹಾಕೋ ಮುಂಚೆ ರಕ್ತ ಓಡಾಟ ನೋಡ್ಲೇಬೇಕು, ರಕ್ತ ಕಮ್ಮಿ ಇರೋ ಕಾಲಿಗೆ ಕ್ಯಾಸ್ಟ್ ಅಪಾಯ. ಕಾಲಿನ ಬಿಪಿನ ಕೈ ಬಿಪಿಯಿಂದ ಭಾಗಿಸಿ ನೋಡ್ತಾರೆ, 0.9ಕ್ಕಿಂತ ಕಮ್ಮಿ ಬಂದ್ರೆ ರಕ್ತನಾಳದ ಡಾಕ್ಟರ್ ಹತ್ರ. ಶುಗರ್ ಇರೋರಲ್ಲಿ ನಾಳ ಗಟ್ಟಿಯಾಗಿ ಸುಳ್ಳು ಸುಳ್ಳೇ ಚೆನ್ನಾಗಿದೆ ಅಂತ ತೋರ್ಸೋದೂ ಉಂಟು, ಆಗ ಹೆಬ್ಬೆರಳ ಬಿಪಿ ನೋಡ್ಬೇಕು. ಮೂಳೆಗೆ ಸೋಂಕು ಇಳಿದಿದ್ಯಾ ಅಂತ ಎಕ್ಸ್‌ರೇ. ಬೆಂಗಳೂರಲ್ಲಿ ಸರ್ಕಾರದ ಎಂಡೋಕ್ರಿನಾಲಜಿ ಸಂಸ್ಥೆಯಲ್ಲಿ ಪಾದಕ್ಕೇ ಅಂತ ಪೋಡಿಯಾಟ್ರಿ ವಿಭಾಗ ಇದೆ, ತಿಪಟೂರಿಂದ ಬೆಳಗ್ಗೆ ಟ್ರೇನ್ ಹತ್ತಿದ್ರೆ ಆಯ್ತು. ಕಾಲು ಕೆಂಪಾಗಿ ಊದ್ಕೊಂಡ್ರೆ ಜ್ವರ ಬಂದ್ರೆ ಅವತ್ತೇ ಆಸ್ಪತ್ರೆಗೆ, ಒಂದು ರಾತ್ರಿನೂ ಕಾಯ್ಬೇಡಿ.

ಫಿಸಿಯೋ_ಧಾರವಾಡ:
ಭಾರ ತೆಗೀಬೇಕು ಅನ್ನೋದು ಒಪ್ಪಿದೆ, ನಾನೂ ಎಂಸಿಆರ್ ಚಪ್ಪಲಿ (ಮೆತ್ತನ್ನ ರಬ್ಬರ್ ಅಟ್ಟೆಯದು) ಇಲ್ದ ಯಾರಿಗೂ ಶುರು ಮಾಡಂಗಿಲ್ಲ. ಆದ್ರ ಭಾರ, ರಕ್ತ, ಶುಗರ್ ಎಲ್ಲಾ ಸರಿ ಮಾಡಿದ ಮ್ಯಾಲೂ ಹಂಗ ನಿಂತುಬಿಡೋ ಹುಣ್ಣು ಇರ್ತಾವ, ಅಲ್ಲೆ ಲೇಸರ್‌ಗೆ ಜಾಗಾ ಐತಿ. ನಾ ಬಿಟ್ಟುಕೊಡಂಗಿಲ್ಲ.

ಲತಾ_ಸಿಸ್ಟರ್_ಮಂಗಳೂರು:
ಅದನ್ನು ನೋಡುವ ದಾರಿ ಉಂಟಲ್ವಾ ಸರ್. ಗ್ಲೌಸ್ ಪ್ಯಾಕೆಟ್ ಒಳಗಿನ ಕ್ಲೀನ್ ಪ್ಲಾಸ್ಟಿಕ್ ಹುಣ್ಣಿನ ಮೇಲೆ ಇಟ್ಟು ಮಾರ್ಕರ್‌ನಲ್ಲಿ ಅಂಚು ಬರ್ಕೊಳ್ಳುವುದು, ತಾರೀಕು ಹಾಕುವುದು, ವಾರಕ್ಕೊಮ್ಮೆ. 4 ವಾರದಲ್ಲಿ ಅರ್ಧ ಆಗದಿದ್ರೆ ಏನೋ ತಪ್ಪಿದೆ ಅಂತ ಮತ್ತೆ ಮೊದಲಿಂದ ಹುಡುಕಬೇಕು. ಭಾರ ತಪ್ಪಿಸಿಯೂ ನಿಂತಿದ್ರೆ ಆಗ ಲೇಸರ್ ಮಾತಾಡುವ.

ಮಂಜು_ತಿಪಟೂರು:
ಎಲ್ಲರ ಮಾತೂ ಓದಿದೆ. ಸಿಸ್ಟರ್ ಕೇಳಿದ್ರಲ್ಲ ಅಂತ ಈಗ ಹೋಗಿ ಅಪ್ಪನ ಚಪ್ಪಲಿ ಎತ್ತಿ ನೋಡ್ದೆ. ಎಡಗಾಲಿಂದು ಎಲ್ಲಾ ಕಡೆ ಒಂದೇ ಸಮ ಸವೆದಿದೆ. ಬಲಗಾಲಿಂದು ಹೆಬ್ಬೆರಳ ಬುಡದಲ್ಲಿ ಗುಂಡಿ ಬಿದ್ದು ತಳದ ನೀಲಿ ರಬ್ಬರ್ ಕಾಣ್ತಿದೆ, ಅದರ ಪಕ್ಕಕ್ಕೆ ಒಂದು ಜಾಲಿ ಮುಳ್ಳು ಚುಚ್ಚಿಕೊಂಡು ಒಳಗೇ ಮುರಿದಿದೆ, ಬೆರಳಲ್ಲಿ ಸವರಿದ್ರೆ ತುದಿ ಸಿಗುತ್ತೆ. ಎಷ್ಟು ದಿನದಿಂದ ಇತ್ತೋ. ಅಪ್ಪಂಗೆ ತೋರಿಸ್ದೆ, ಸುಮ್ನೆ ಚಪ್ಪಲಿನೇ ನೋಡ್ತಾ ಕೂತವ್ರೆ. ಸೋಮವಾರ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ.

ಲತಾ_ಸಿಸ್ಟರ್_ಮಂಗಳೂರು:
ಆ ಚಪ್ಪಲಿ ಬಿಸಾಡಬೇಡಿ, ಒಂದು ಕವರ್‌ನಲ್ಲಿ ಹಾಕಿ ತಗೊಂಡು ಹೋಗಿ, ಡಾಕ್ಟರಿಗೆ ಕಾಲಿನ ಜೊತೆಗೇ ತೋರಿಸಿ. ಅಲ್ಲಿವರೆಗೆ ತೋಟಕ್ಕೆ ನೀರು ನೀವೇ ಬಿಡಿ.