ಸಹಾಯ ಬೇಕು: ತಂಗಿಯ ಮದುವೆ, ನಮ್ಮ ಫಾದರ್, ಅವರ ಪಾಸ್ಟರ್

ನಾವು ಕಾಸರಗೋಡಿನ ಬೇಳದ ಕಡೆಯ ಕ್ಯಾಥೋಲಿಕರು. ತಂಗಿಗೆ ನಿಶ್ಚಯವಾದ ಹುಡುಗ ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಯವನು. ನನಗೆ ತುಂಬಾ ಇಷ್ಟವಾದ. ಅಮ್ಮನಿಗೆ ಮಾತ್ರ ನಿದ್ದೆ ಇಲ್ಲ.

ನಮ್ಮ ಫಾದರ್‌ಗೆ ಮದುವೆಯಿಲ್ಲ. ಅವರನ್ನು ಕಳಿಸುವುದು, ವರ್ಗ ಮಾಡುವುದು ಮಂಗಳೂರಿನ ಬಿಷಪ್. ಹುಡುಗನ ಕಡೆಯ ಪಾಸ್ಟರ್‌ಗೆ ಹೆಂಡತಿ, ಮಕ್ಕಳಿದ್ದಾರೆ. ಸಭೆ ಶುರು ಮಾಡಿದ್ದೂ ಅವರೇ, ಮೇಲೆ ಬಿಷಪ್ ಇಲ್ಲ. "ತಪ್ಪಾದರೆ ಕೇಳುವವರು ಯಾರು?" ಅಂತಾರೆ ಅಮ್ಮ. ನ್ಯಾಯವಾದ ಪ್ರಶ್ನೆ ಅಲ್ವಾ?

ಇಂಥ ಮದುವೆಗೆ ನಮ್ಮ ಬಿಷಪ್ ಅನುಮತಿ ಬೇಕೆಂದು ಗೊತ್ತು. ಎರಡು ಕಡೆ ಎರಡು ಸಲ ಮದುವೆ ಮಾಡುವಂತಿಲ್ಲ, ಅದೂ ಗೊತ್ತು. ಹುಡುಗನಿಗೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನ ದೀಕ್ಷಾಸ್ನಾನ ಆಗಿದೆ. ಅದನ್ನು ನಮ್ಮವರು ಒಪ್ಪುತ್ತಾರೆ. ಆದರೆ ಆ ಸಭೆಯಲ್ಲಿ ದಾಖಲೆ ಪುಸ್ತಕವೇ ಇಲ್ಲ!

ಇಂಥ ಮದುವೆ ಮಾಡಿಸಿದವರು ಇದ್ದೀರಾ? ಪುರಾವೆಗೆ ಏನು ಕೊಟ್ಟಿರಿ? ಇಗರ್ಜಿಯಲ್ಲಿ ಪಾಸ್ಟರ್ ಪ್ರಾರ್ಥನೆ ಮಾಡಲು ಬಿಟ್ಟರಾ? ದಯವಿಟ್ಟು ತಿಳಿಸಿ.