ವಿಜಯದಶಮಿಗೆ ಜಾಲತಾಣ ಉದ್ಘಾಟನೆಯಾಯಿತು, ಬಾಕಿ ಹಣ ಇನ್ನೂ ಬಂದಿಲ್ಲ: ತಾಣವನ್ನು ನಿಲ್ಲಿಸಬಹುದೇ?

ಪ್ರಶ್ನೆ: ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಆರು ವರ್ಷಗಳಿಂದ ಒಬ್ಬನೇ ಜಾಲತಾಣಗಳನ್ನು ಕಟ್ಟಿಕೊಡುವ ಕೆಲಸ ಮಾಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ಖಾಸಗಿ ಶಿಕ್ಷಣ ಸಂಸ್ಥೆಯವರು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ತಾಣ ಬೇಕೆಂದು ಕರೆಸಿದರು. ಒಟ್ಟು 60,000 ರೂಪಾಯಿಗೆ ಮಾತಾಯಿತು, 20,000 ಮುಂಗಡವಾಗಿ ಬಂತು, ಉಳಿದದ್ದು ಕೆಲಸ ಮುಗಿದ ಮೇಲೆ ಎಂದಾಯಿತು. ಕೆಲಸ ಮುಗಿಯುವುದು ಎಂದರೇನು ಎಂಬುದನ್ನು ಅವರೂ ಕೇಳಲಿಲ್ಲ, ನಾನೂ ಬರೆದುಕೊಡಲಿಲ್ಲ.

ಮೊದಲ ತಲೆನೋವು ಪಠ್ಯದ್ದು. ಕಚೇರಿಯವರು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಮೂವತ್ತೆಂಟು ಪುಟಗಳ ವರ್ಡ್ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರು. ಅದನ್ನು ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಕನ್ನಡವೇನೋ ಸರಿಯಾಯಿತು, ಆದರೆ ನಡುನಡುವೆ ಇದ್ದ ಇಂಗ್ಲಿಷ್ ಹೆಸರುಗಳೂ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕುಳಿತವು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು; ಹಾಗಾಗಿ 'ಕಾರ್ಯದರ್ಶಿ' ಎಂಬ ಪದವನ್ನು ನಾನು ಎಷ್ಟು ಸಲ ಕಣ್ಣಿಟ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆಮೇಲೆ ಬಣ್ಣದ ವಿಚಾರದಲ್ಲಿ ಮೂವರು ಧರ್ಮದರ್ಶಿಗಳಿಂದ ಮೂರು ಅಭಿಪ್ರಾಯ ಬಂತು. ಮುಖಪುಟದಲ್ಲಿ ಓಡುವ ಅಕ್ಷರಗಳು ಬೇಕಾದವು. ಭೇಟಿ ಕೊಟ್ಟವರ ಎಣಿಕೆ ತೋರಿಸಬೇಕು, ಅದು ಸೊನ್ನೆಯಿಂದ ಶುರುವಾಗದೆ ಹತ್ತು ಸಾವಿರದಿಂದ ಶುರುವಾಗಬೇಕು ಎಂದರು. ಅದನ್ನು ನಾನು ಒಪ್ಪಲಿಲ್ಲ.

ವಿಜಯದಶಮಿಯಂದು ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆಯ ಮುಹೂರ್ತ. ಡೊಮೇನ್ (ತಾಣದ ವಿಳಾಸದ ಹೆಸರು) ಇರುವ ಖಾತೆಯ ಪಾಸ್‌ವರ್ಡ್ ನನ್ನ ಕೈಗೆ ಸಿಕ್ಕಿದ್ದು ಒಂಬತ್ತು ಗಂಟೆಗೆ. ಹೊಸ ಸರ್ವರ್‌ನ ವಿಳಾಸವನ್ನು ತಕ್ಷಣ ನಮೂದಿಸಿದೆ, ನನ್ನ ಫೋನಿನಲ್ಲಿ ಹೊಸ ತಾಣ ಬಂತು. ದೀಪ ಬೆಳಗಿಸಿ ಅಧ್ಯಕ್ಷರು ತಮ್ಮ ಫೋನಿನಲ್ಲಿ ತೆರೆದಾಗ ಎಂಟು ವರ್ಷ ಹಳೆಯ ತಾಣವೇ ಕಾಣಿಸಿತು. ನನ್ನ ಫೋನನ್ನು ಅವರ ಕೈಗಿತ್ತು ಫೋಟೊ ತೆಗೆಸಿದ್ದಾಯಿತು. ಅಂದಿನಿಂದ ಎರಡೂವರೆ ತಿಂಗಳಾಯಿತು. ಹಣ ಕೇಳಿದಾಗಲೆಲ್ಲ ಇನ್ನೊಂದು ಸಣ್ಣ ಬದಲಾವಣೆ ಎಂದು ವಾಟ್ಸ್ಆ್ಯಪ್ ಬರುತ್ತದೆ, ಅದನ್ನು ಮುಗಿಸಿದರೆ ಮತ್ತೊಂದು. ಡೊಮೇನ್ ಅವರ ಹೆಸರಿನಲ್ಲಿದೆ, ಹೋಸ್ಟಿಂಗ್, ಅಂದರೆ ತಾಣದ ಕಡತಗಳನ್ನಿಟ್ಟಿರುವ ಸರ್ವರ್ ಜಾಗ, ನನ್ನ ಖಾತೆಯಲ್ಲಿದೆ. ತಾಣವನ್ನು ನಿಲ್ಲಿಸಿದರೆ ಮರುದಿನವೇ ಹಣ ಬರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ತಿಳಿದವರು ದಯವಿಟ್ಟು ಸಲಹೆ ಕೊಡಿ.

ಉತ್ತರ: ಹಳೆಯ ಸರ್ವರ್

ನಿಲ್ಲಿಸಬೇಡಿ. ನಾನು ಒಮ್ಮೆ ನಿಲ್ಲಿಸಿ ನೋಡಿದ್ದೇನೆ. ಮಂಗಳೂರಿನ ಒಬ್ಬ ವ್ಯಾಪಾರಿಯ ಮುಖಪುಟದ ಮೇಲೆ ಬಾಕಿ ಇದೆ ಎಂಬ ಫಲಕ ಹಾಕಿದೆ. ಸಂಜೆಯೊಳಗೆ ಹಣ ಬಂತು. ಆದರೆ ಅದೇ ಬೀದಿಯಲ್ಲಿದ್ದ ನನ್ನ ಇನ್ನೂ ನಾಲ್ವರು ಗಿರಾಕಿಗಳು ಆ ವರ್ಷದೊಳಗೆ ಬೇರೆಯವರ ಬಳಿ ಹೋದರು, ಏಕೆಂದರೆ ಅವರೆಲ್ಲ ಒಬ್ಬರಿಗೊಬ್ಬರು ಬೀಗರು, ಭಾವಂದಿರು. ಅದು ಹಾಗಿರಲಿ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಹೇಳುವ ತಪ್ಪುಗಳಲ್ಲಿ ಹಕ್ಕುಳ್ಳವರಿಗೆ ಕಂಪ್ಯೂಟರ್ ವ್ಯವಸ್ಥೆ ಸಿಗದಂತೆ ಮಾಡುವುದೂ ಸೇರಿದೆ, ಅಪ್ರಾಮಾಣಿಕ ಉದ್ದೇಶವಿತ್ತೆಂದು ತೋರಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಸರ್ವರ್ ನಿಮ್ಮದೇ ಖಾತೆಯಲ್ಲಿದೆ ಎಂಬ ವಾದ ನಿಲ್ಲುತ್ತದೋ ಇಲ್ಲವೋ, 40,000 ರೂಪಾಯಿಗಾಗಿ ಅದನ್ನು ಪರೀಕ್ಷಿಸಲು ಹೋಗಬೇಡಿ. ಹೋಸ್ಟಿಂಗ್ ಅವಧಿ ಮುಗಿಯುವ ದಿನಾಂಕವನ್ನು ಈಗಲೇ ಪತ್ರದಲ್ಲಿ ತಿಳಿಸಿ, ನವೀಕರಣ ಅವರ ಹೊಣೆ ಎಂದು ಬರೆಯಿರಿ. ಅದು ಬೆದರಿಕೆಯಲ್ಲ, ಸೂಚನೆ.

ಮುಹೂರ್ತದ ವಿಷಯದಲ್ಲಿ ನಿಮ್ಮದೂ ತಪ್ಪಿದೆ ಎಂದು ಹೇಳದೆ ವಿಧಿಯಿಲ್ಲ. ಡಿಎನ್‌ಎಸ್ (ಡೊಮೇನ್ ಹೆಸರಿಗೆ ಸರ್ವರ್ ವಿಳಾಸ ತೋರಿಸುವ) ದಾಖಲೆಯ ಟಿಟಿಎಲ್, ಅಂದರೆ ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ, 86,400 ಸೆಕೆಂಡ್ ಎಂದಿದ್ದರೆ ಮೊಬೈಲ್ ಕಂಪನಿಯ ಸರ್ವರ್ ಹಳೆಯ ವಿಳಾಸವನ್ನು ಒಂದು ದಿನ ಪೂರ್ತಿ ನೆನಪಿಟ್ಟುಕೊಳ್ಳಬಹುದು. ಅದನ್ನು ಎರಡು ದಿನ ಮೊದಲೇ 300ಕ್ಕೆ ಇಳಿಸಿಟ್ಟಿದ್ದರೆ ಐದು ನಿಮಿಷದಲ್ಲಿ ಎಲ್ಲರಿಗೂ ಹೊಸದು ಕಾಣುತ್ತಿತ್ತು. ಪಾಸ್‌ವರ್ಡ್ ತಡವಾಗಿ ಸಿಕ್ಕಿತೆಂಬುದು ನಿಜ, ಆದರೆ ದಸರೆಯ ಹಿಂದಿನ ವಾರವೇ ಅದಿಲ್ಲದೆ ಉದ್ಘಾಟನೆ ಸಾಧ್ಯವಿಲ್ಲ ಎಂದು ನೀವು ಹೇಳಬೇಕಿತ್ತು.

ಉತ್ತರ: ಲೆಕ್ಕಿಗ

ನಿಮ್ಮ ಬಳಿ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ ನೋಂದಣಿ ಇದೆಯೇ? ಇದ್ದರೆ ಅಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ನೆರವಿಗೆ ಬರುತ್ತದೆ. ಹಣ ಕೊಡುವ ಗಡುವನ್ನು ಲಿಖಿತ ಒಪ್ಪಂದದಲ್ಲಿ ಎಷ್ಟೇ ಮುಂದೂಡಿದ್ದರೂ ಅದು ಗಿರಾಕಿ ಕೆಲಸವನ್ನು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಕೊಡಬೇಕು. ಕೆಲಸ ಒಪ್ಪಿಕೊಳ್ಳುವುದಕ್ಕೆ ಮೊದಲೇ ನೋಂದಣಿ ಇರುವುದು ಕ್ಷೇಮ, ಆಮೇಲೆ ಮಾಡಿಸಿದರೆ ತಕರಾರಿಗೆ ಅವಕಾಶವಾಗುತ್ತದೆ.

ನಿಮಗೆ ಹೆಚ್ಚು ಉಪಯೋಗವಾಗುವ ಮಾತು ಆ ಕಾಯ್ದೆಯ ವ್ಯಾಖ್ಯೆಗಳಲ್ಲಿದೆ. ಸೇವೆ ಒದಗಿಸಿದ 15 ದಿನಗಳೊಳಗೆ ಗಿರಾಕಿ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ಒದಗಿಸಿದ ದಿನವೇ ಅವರು ಅದನ್ನು ಸ್ವೀಕರಿಸಿದಂತೆ. ಹಾಗಾದರೆ ವಿಜಯದಶಮಿಯ ನಂತರ ಬಂದ ಆ ವಾಟ್ಸ್ಆ್ಯಪ್ ಸಂದೇಶಗಳು ಆಕ್ಷೇಪಗಳೋ ಹೊಸ ಬೇಡಿಕೆಗಳೋ? ಇಮೇಲ್ ಫಾರ್ಮ್ ಕೆಲಸ ಮಾಡುತ್ತಿಲ್ಲ ಎನ್ನುವುದು ದೋಷ. ಗ್ಯಾಲರಿಗೆ ಇನ್ನೊಂದು ಪುಟ ಸೇರಿಸಿ ಎನ್ನುವುದು ಹೊಸ ಕೆಲಸ. ಎರಡಕ್ಕೂ ನೀವು ಆಯಿತು ಸರ್ ಎಂದು ಒಂದೇ ಉತ್ತರ ಕೊಟ್ಟಿದ್ದೀರಿ ಎಂದು ನನ್ನ ಊಹೆ. ಕುಳಿತು ಆ ಸಂದೇಶಗಳನ್ನೆಲ್ಲ ದಿನಾಂಕದೊಂದಿಗೆ ಎರಡು ಪಟ್ಟಿ ಮಾಡಿ. ದೋಷಗಳನ್ನು ಸರಿಪಡಿಸಿ, ಬೇಡಿಕೆಗಳಿಗೆ ದರ ಬರೆಯಿರಿ, ಇನ್‌ವಾಯ್ಸ್ ಜೊತೆ ಪತ್ರ ಕೊಟ್ಟು ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಕೇಂದ್ರದ ಸಣ್ಣ ಉದ್ದಿಮೆಗಳ ಸಚಿವಾಲಯದ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅದು ಇಂಥ ಬಾಕಿಯ ತಕರಾರುಗಳನ್ನು ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ, ಮೊದಲು ರಾಜಿ ಮಾತುಕತೆ ನಡೆಯುತ್ತದೆ. ಕಾಗದದ ಮೇಲೆ ಅದಕ್ಕೆ 90 ದಿನಗಳ ಗಡುವಿದೆ, ಆ ಗಡುವನ್ನು ನಂಬಿ ಸಾಲ ಮಾಡಬೇಡಿ.

ಉತ್ತರ: ಬಯಲುಸೀಮೆ

ನಾನು ದಾವಣಗೆರೆಯ ಕಡೆ ಇಂಥದ್ದೇ ಒಂದು ಸಂಸ್ಥೆಯ ಕಚೇರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು, ಅಂದರೆ ನೀವು ಬೈಯುತ್ತಿರುವ ಪಕ್ಷದವಳು. ಎಣಿಕೆ ಬೇಕೆಂದು ನಾವು ಹಟ ಹಿಡಿಯುತ್ತಿದ್ದುದಕ್ಕೆ ಕಾರಣವಿತ್ತು: ವಾರ್ಷಿಕ ಸಭೆಯಲ್ಲಿ ಜಾಲತಾಣಕ್ಕೆ ಇಷ್ಟು ಖರ್ಚು ಏಕೆ ಎಂದು ಯಾರಾದರೂ ಎದ್ದು ಕೇಳಿದರೆ ತೋರಿಸಲು ನಮ್ಮ ಬಳಿ ಬೇರೆ ಏನೂ ಇರುತ್ತಿರಲಿಲ್ಲ. ತಿಂಗಳಿಗೊಂದು ಸಲ ಎಷ್ಟು ಜನ ಬಂದರು, ಯಾವ ಪುಟ ನೋಡಿದರು ಎಂದು ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಿದ್ದರೆ ಹತ್ತು ಸಾವಿರದ ಮಾತೇ ಬರುತ್ತಿರಲಿಲ್ಲ. ನುಡಿಯ ವಿಷಯವೂ ಅಷ್ಟೇ. ಟೈಪ್ ಮಾಡುವವರಿಗೆ ಕೀಲಿಮಣೆ ಅಭ್ಯಾಸವಾಗಿದೆ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಅವರ ಪಕ್ಕ ಕುಳಿತು ಒಮ್ಮೆ ತೋರಿಸಿ, ಮುಂದಿನ ಸಲ ನಿಮಗೆ ಮೂರು ರಾತ್ರಿ ಉಳಿಯುತ್ತವೆ.

ಮೂವರು ಧರ್ಮದರ್ಶಿಗಳ ವಿಚಾರದಲ್ಲಿ ಮಾತ್ರ ನಿಮ್ಮ ಮೇಲೆ ಕನಿಕರವಿದೆ. ಒಪ್ಪಿಗೆಯ ಸಹಿ ಯಾರದೆಂದು ಠರಾವು ಮಾಡಿಸಿಕೊಳ್ಳದೆ ಸಂಸ್ಥೆಯೊಂದರ ಕೆಲಸ ಹಿಡಿಯಲೇಬಾರದು. ಹಣ ಕೊಡದಿರುವುದನ್ನು ನಾನು ಸಮರ್ಥಿಸುವುದಿಲ್ಲ.

ಮಲೆನಾಡಿಗ ಮತ್ತೆ ಬರೆದದ್ದು, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಎರಡು ವರ್ಷದ ಹಿಂದೆ ಬ್ಯಾಂಕ್ ಸಾಲಕ್ಕೆಂದು ಉದ್ಯಮ ನೋಂದಣಿ ಮಾಡಿಸಿದ್ದೆ, ಅದು ಈಗ ಉಪಯೋಗಕ್ಕೆ ಬಂತು. ಸಂದೇಶಗಳನ್ನು ಎರಡು ಪಟ್ಟಿ ಮಾಡಿದಾಗ ಒಟ್ಟು ಹನ್ನೊಂದರಲ್ಲಿ ನಾಲ್ಕು ನಿಜವಾಗಿಯೂ ನನ್ನ ದೋಷಗಳೆಂದು ಗೊತ್ತಾಯಿತು. 'ರಾಷ್ಟ್ರೀಯ' ಎಂಬ ಪದದ ಒತ್ತಕ್ಷರಗಳ ಕಾಲು ಶೀರ್ಷಿಕೆಯಲ್ಲಿ ಕತ್ತರಿಸಿಹೋಗುತ್ತಿತ್ತು, ಏಕೆಂದರೆ ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಸಾಲಿನ ಎತ್ತರವನ್ನೇ ನಾನು ಕನ್ನಡಕ್ಕೂ ಕೊಟ್ಟಿದ್ದೆ. ಪ್ರಾಂಶುಪಾಲರು ಅದನ್ನು ಮೂರು ಸಲ ಹೇಳಿದ್ದರು, ನಾನು ಅವರ ಫೋನು ಹಳೆಯದೆಂದು ತಳ್ಳಿಹಾಕಿದ್ದೆ. 'ರ್ಯಾಂಕ್' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ ಎಂಬ ದೂರೂ ನಿಜವಾಗಿತ್ತು. ಪುಟದಲ್ಲಿ 'ರ‍್ಯಾಂಕ್' ಎಂದು ಬರೆಯಲು ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಸೇರಿರುತ್ತದೆ, ಹುಡುಕುವವರು ಅದಿಲ್ಲದೆ ಟೈಪ್ ಮಾಡುತ್ತಾರೆ. ಈಗ ಹುಡುಕುವ ಮೊದಲು ಎರಡೂ ಕಡೆಯಿಂದ ಅದನ್ನು ತೆಗೆದುಹಾಕುವಂತೆ ಮಾಡಿದ್ದೇನೆ.

ಉಳಿದ ಏಳು ಬೇಡಿಕೆಗಳಿಗೆ ದರ ಬರೆದು ಪತ್ರ ಕೊಟ್ಟೆ. ಅವುಗಳಲ್ಲಿ ಐದನ್ನು ಅವರೇ ಕೈಬಿಟ್ಟರು. ಕಳೆದ ವಾರ 25,000 ಜಮೆಯಾಗಿದೆ, ಉಳಿದ 15,000ಕ್ಕೆ ಕಾರ್ಯಕಾರಿ ಸಮಿತಿಯ ಸಭೆ ಆಗಬೇಕಂತೆ. ಬಯಲುಸೀಮೆಯವರು ಹೇಳಿದಂತೆ ತಿಂಗಳ ಹಾಳೆಯನ್ನೂ ಮುದ್ರಿಸಿ ಕೊಟ್ಟೆ. ಅದನ್ನು ನೋಡಿದ ಕಾರ್ಯದರ್ಶಿಗಳು, ಎಣಿಕೆ ಮುಖಪುಟದಲ್ಲೂ ಇರಲಿ, ಸೊನ್ನೆಯಿಂದಲೇ ಶುರುವಾಗಲಿ ಎಂದರು. ಇಂದು ಬೆಳಿಗ್ಗೆ ಅದು 212 ತೋರಿಸುತ್ತಿತ್ತು. ಅವುಗಳಲ್ಲಿ ಎಷ್ಟು ನನ್ನವೇ ಎಂದು ಅವರು ಇನ್ನೂ ಕೇಳಿಲ್ಲ.